ಮಳೆ ಬಂದರೆ ಕೇಡಲ್ಲ

ಬಯಲುಸೀಮೆಯ ಜಾತ್ರೆಗಳು ವರ್ಷದ ಯಾವ ಕಾಲದಲ್ಲಿ ನೆರೆಯುತ್ತವೆ ಎಂಬುದನ್ನು ಗಮನಿಸಿದರೆ, ಅವುಗಳನ್ನು ಗೊತ್ತುಮಾಡಿದ ಹಿರಿಯರ ಮನಸ್ಸಿನಲ್ಲಿ ದೇವರ ತಿಥಿಯ ಜೊತೆಗೆ ಮಳೆಯ ಲೆಕ್ಕವೂ ಇತ್ತೆಂದು ತೋರುತ್ತದೆ. ಕಣದ ಕೆಲಸ ಮುಗಿದು ಕಾಳು ಮನೆ ಸೇರಿದ ಮೇಲೆ, ಸಂಕ್ರಾಂತಿಯಿಂದ ಯುಗಾದಿಯವರೆಗಿನ ಒಣ ದಿನಗಳಲ್ಲಿ, ತೇರಿನ ಗಾಲಿ ಹೂತುಹೋಗದಷ್ಟು ನೆಲ ಗಟ್ಟಿಯಾಗಿರುವಾಗಲೇ ಹೆಚ್ಚಿನ ಊರುಗಳಲ್ಲಿ ತೇರು ಹೊರಡುತ್ತದೆ; ಆ ತೇರಿನ ಬೆನ್ನಿಗೇ ಬೆಂಡು ಬತ್ತಾಸಿನ ಅಂಗಡಿಗಳೂ ಬಳೆಯ ಮಲಾರಗಳೂ ರಂಕಲರಾಟೆಯೂ ಬಂದು ಊರ ಹೊರಗಿನ ಬಯಲನ್ನು ತುಂಬುತ್ತವೆ. ಮುಂಗಾರು ಹತ್ತಿರವಾದಂತೆ ರಾಟೆಯ ಕಂಬಗಳನ್ನು ಬಿಚ್ಚಿ ಗಾಡಿಗೆ ಹೇರಿಕೊಂಡು ಹೋದವರು ಮತ್ತೆ ಕಾಣಿಸಿಕೊಳ್ಳುತ್ತಿದ್ದುದು ಮುಂದಿನ ಸುಗ್ಗಿಗೆ. ಹೀಗೆ ವಿನೋದಕ್ಕೂ ಮಳೆಗೂ ಮುಖಾಮುಖಿಯಾಗದಂತೆ ನೋಡಿಕೊಂಡ ಈ ವ್ಯವಸ್ಥೆಯಲ್ಲಿ, ಮಳೆ ಬಂದರೆ ಜಾತ್ರೆ ಏನಾಗಬೇಕು ಎಂಬ ಪ್ರಶ್ನೆ ಏಳುವ ಸಂದರ್ಭವೇ ಕಡಿಮೆ.

ಜಾತ್ರೆಯ ರಾಟೆ ಕಾಯಂ ಆಗಿ ಒಂದೇ ಕಡೆ ಬೇರೂರಿ, ಸುತ್ತ ಕಾಂಪೌಂಡು ಎದ್ದು, ಬಾಗಿಲಿನಲ್ಲಿ ಟಿಕೆಟ್ ಕೌಂಟರ್ ಬಂದಾಗ ಆ ಹಳೆಯ ಲೆಕ್ಕ ತಪ್ಪಿತು. ಥೀಮ್ ಪಾರ್ಕ್ ಎಂದರೆ ಬಿಡಿಬಿಡಿಯಾದ ಆಟದ ಯಂತ್ರಗಳ ಗುಂಪಲ್ಲದೆ, ಒಂದು ಕತೆ ಅಥವಾ ಒಂದು ಕಲ್ಪನಾಲೋಕದ ಸೂತ್ರದಲ್ಲಿ ಆಟ, ಕಟ್ಟಡ, ಊಟ, ಸಂಗೀತಗಳನ್ನೆಲ್ಲ ಪೋಣಿಸಿದ ತಾಣ ಎಂಬುದು ಆ ಪದದ ಬಿಗಿಯಾದ ಅರ್ಥ. ದಿನಬಳಕೆಯಲ್ಲಿ ಮಾತ್ರ ದೊಡ್ಡ ಆಟದ ಪಾರ್ಕುಗಳಿಗೆಲ್ಲ ಆ ಹೆಸರು ಸಲ್ಲುತ್ತಿದೆ. ಈ ಕಲ್ಪನೆಗೆ ಇಂದಿನ ರೂಪ ಬಂದದ್ದು 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಬಾಗಿಲು ತೆರೆದ ಡಿಸ್ನಿಲ್ಯಾಂಡ್‌ನಲ್ಲಿ ಎಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಈ ಸಂಗತಿಯಲ್ಲಿ ಅಷ್ಟಾಗಿ ಯಾರೂ ಗಮನಿಸದ ಒಂದು ಅಂಶವಿದೆ. ಅನಾಹೈಮ್ ಇರುವ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮಳೆ ಬೀಳುವುದು ಬಹುಮಟ್ಟಿಗೆ ಚಳಿಗಾಲದಲ್ಲಿ. ಮಕ್ಕಳಿಗೆ ರಜೆಯಿರುವ ಬೇಸಿಗೆಯ ತಿಂಗಳುಗಳು ಹೆಚ್ಚು ಕಡಿಮೆ ಹನಿಯೇ ಇಲ್ಲದೆ ಕಳೆಯುತ್ತವೆ. ಜಾತ್ರೆ ತನ್ನ ತಿಥಿಯಿಂದ ಮಳೆಯನ್ನು ತಪ್ಪಿಸಿಕೊಂಡರೆ, ಥೀಮ್ ಪಾರ್ಕು ತಾನು ಹುಟ್ಟಿದ ನೆಲದ ದೆಸೆಯಿಂದ ತಪ್ಪಿಸಿಕೊಂಡಿತು. ಆದರೆ ಅದೇ ಕಲ್ಪನೆ ಬೇರೆ ನಾಡುಗಳಿಗೆ ಹೋದಾಗ, ಎರಡೆರಡು ಮಾನ್ಸೂನು ಹಾದುಹೋಗುವ ಕರ್ನಾಟಕಕ್ಕೆ ಬಂದಾಗ, ತಿಥಿಯ ರಕ್ಷೆಯೂ ಇಲ್ಲದೆ ನೆಲದ ರಕ್ಷೆಯೂ ಇಲ್ಲದೆ ಮಳೆಯ ಎದುರು ನಿಲ್ಲಬೇಕಾಯಿತು.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾ ಇದಕ್ಕೆ ಹತ್ತಿರದ ನಿದರ್ಶನ. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನ ಪಾರ್ಕನ್ನು ಕಟ್ಟಿದ ಕೊಚ್ಚೌಸೇಪ್ ಚಿಟ್ಟಿಲಪಿಳ್ಳಿ ಅವರ ಸಂಸ್ಥೆಯೇ ಇದನ್ನೂ ಕಟ್ಟಿತು. ವರ್ಷವಿಡೀ ತೆರೆದಿರುವ ಇಂಥ ತಾಣಕ್ಕೆ ತಿಂಗಳ ಮೊದಲೇ ರಜೆ ಗೊತ್ತುಮಾಡಿ, ಹತ್ತಾರು ಜನ ಒಟ್ಟಾಗಿ ವ್ಯಾನು ಮಾಡಿಕೊಂಡು ಬರುವ ಕುಟುಂಬಗಳಿಗೆ ಮಳೆಯೆಂಬುದು ದಿನವನ್ನು ಹಾಳುಮಾಡಲೆಂದೇ ಬಂದ ವಿಘ್ನದಂತೆ ಕಾಣುವುದು ಸಹಜ. ಆಕಾಶ ಕಪ್ಪಿಟ್ಟೊಡನೆ ದೊಡ್ಡವರ ಮುಖ ಬಾಡುತ್ತದೆ. ಕೊಟ್ಟ ಹಣ ನೀರಿಗೆ ಹೋಯಿತೆಂಬ ಮಾತು ಬರುತ್ತದೆ. ಮಕ್ಕಳು ಏನೂ ಅರಿಯದೆ ಮೋಡವನ್ನೇ ನೋಡುತ್ತ ನಿಲ್ಲುತ್ತಾರೆ. ಆದರೆ ಕನ್ನಡದ ಗಾದೆಯೊಂದು ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎನ್ನುತ್ತದೆ. ಮಳೆಯನ್ನೂ ಮನೆಮಗನ ಊಟವನ್ನೂ ಒಂದೇ ಉಸಿರಿನಲ್ಲಿ ಹೇಳಿದ ಈ ಮಾತು ಒಕ್ಕಲುತನದ ಮಾತು, ನಿಜ. ಆದರೂ ಥೀಮ್ ಪಾರ್ಕಿನ ಒಂದು ಮಳೆಯ ದಿನವನ್ನು ಬೆಳಗಿನಿಂದ ಸಂಜೆಯವರೆಗೆ ಕೂಲಂಕಷವಾಗಿ ಪರಿಶೀಲಿಸಿದರೆ ಅದು ಅಲ್ಲಿಗೂ ಅಷ್ಟೇ ಸಲ್ಲುತ್ತದೆ ಎಂಬುದು ಈ ಬರಹದ ವಾದ.

ಮಳೆಯೆಲ್ಲ ಒಂದೇ ಬಗೆಯದೆಂದು ತಿಳಿಯುವುದರಿಂದಲೇ ಹೆಚ್ಚಿನ ನಿರಾಶೆ ಹುಟ್ಟುತ್ತದೆ. ಬೆಂಗಳೂರು ಮತ್ತು ಅದರ ಸುತ್ತಿನ ಪ್ರದೇಶದಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸಿನ ಮಳೆಯಾಗುತ್ತದೆ. ಆದರೆ ಅದು ಮೂರು ಬೇರೆ ಬೇರೆ ಸ್ವಭಾವಗಳಲ್ಲಿ ಬರುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಶಾಲೆಗಳಿಗೆ ರಜೆಯಿದ್ದು ಪಾರ್ಕುಗಳು ಕಿಕ್ಕಿರಿದಿರುವಾಗ, ಹಗಲೆಲ್ಲ ಕಾದ ನೆಲದ ಮೇಲಿನ ಬಿಸಿಗಾಳಿ ಮೇಲಕ್ಕೇರಿ, ಅಲ್ಲಿ ತಣಿದು, ಮೂರು ನಾಲ್ಕು ಗಂಟೆಯ ಹೊತ್ತಿಗೆ ಗುಡ್ಡದಂಥ ಮೋಡವಾಗಿ, ಗುಡುಗು ಸಿಡಿಲುಗಳೊಡನೆ ಸುರಿದು ಗಂಟೆಯೊಳಗೆ ಮುಗಿದುಹೋಗುತ್ತದೆ. ಇದು ಮುಂಗಾರು ಪೂರ್ವದ ಮಳೆ, ಕೆಲವೊಮ್ಮೆ ಆಲಿಕಲ್ಲನ್ನೂ ತರುತ್ತದೆ. ಜುಲೈ ಮತ್ತು ಆಗಸ್ಟ್‌ಗಳಲ್ಲಿ, ಅಂದರೆ ರೈತರು ಮಳೆ ಎಣಿಸುವ ನಕ್ಷತ್ರಗಳ ಪ್ರಕಾರ ಪುನರ್ವಸು, ಪುಷ್ಯ, ಆಶ್ಲೇಷಾಗಳ ಕಾಲದಲ್ಲಿ, ಪಶ್ಚಿಮಘಟ್ಟದಾಚೆ ತನ್ನ ಬಲವನ್ನೆಲ್ಲ ಸುರಿದು ಬಂದ ಮುಂಗಾರು ಇಲ್ಲಿಗೆ ತಲುಪುವಾಗ ಬಹುಮಟ್ಟಿಗೆ ಸೋನೆಯಾಗಿರುತ್ತದೆ. ಗಾಳಿ ಬೀಸುತ್ತದೆ, ಮೋಡ ಮುಚ್ಚಿರುತ್ತದೆ, ಜಿಟಿಜಿಟಿ ಹನಿ ಬಿಟ್ಟೂಬಿಡದೆ ಉದುರುತ್ತದೆ, ಆದರೆ ಗುಡುಗು ಅಪರೂಪ. ಸೆಪ್ಟೆಂಬರ್ ಮತ್ತು ಅಕ್ಟೋಬರ್‌ಗಳಲ್ಲಿ ಮತ್ತೆ ಗುಡುಗು ಹಿಂತಿರುಗುತ್ತದೆ. ವರ್ಷದಲ್ಲೇ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್, ಸರಾಸರಿ 200 ಮಿಲಿಮೀಟರ್ ಸುಮಾರಿಗೆ. ಮತ್ತು ಆ ಮಳೆಯ ಬಹುಪಾಲು ಸಂಜೆ ಹಾಗೂ ರಾತ್ರಿಯ ಮಳೆ.

ಈ ವಿಂಗಡಣೆಯಿಂದ ಎರಡು ತೀರ್ಮಾನಗಳು ಹೊರಡುತ್ತವೆ. ಥೀಮ್ ಪಾರ್ಕಿನಲ್ಲಿ ಮಳೆಯ ದಿನವನ್ನು ಬೇಕೆಂದೇ ಆರಿಸಿಕೊಳ್ಳುವವರಿಗೆ ಜುಲೈ, ಆಗಸ್ಟ್ ತಿಂಗಳುಗಳ ಸೋನೆಯ ವಾರದ ದಿನಗಳಷ್ಟು ಒಳ್ಳೆಯವು ಬೇರೆ ಇಲ್ಲ. ಗುಡುಗಿಲ್ಲದ ಹನಿಯಲ್ಲಿ ಆಟಗಳು ನಿಲ್ಲುವುದು ಕಡಿಮೆ, ರಜೆಯಿಲ್ಲದ್ದರಿಂದ ಜನವೂ ಕಡಿಮೆ. ಮಳೆ ಬೇಡವೆಂದು ಹೊರಟು ಮಳೆಗೆ ಸಿಕ್ಕುವ ಬೇಸಿಗೆಯ ಪ್ರವಾಸಿಗರಿಗಾದರೋ ಬೆಳಗಿನ ಹೊತ್ತೇ ಬಂಡವಾಳ. ಬಾಗಿಲು ತೆರೆಯುವ ಹನ್ನೊಂದರ ಸುಮಾರಿನಿಂದ ಮೂರು ಗಂಟೆಯವರೆಗೆ ಆಕಾಶ ಸಾಮಾನ್ಯವಾಗಿ ತಡೆದುಕೊಂಡಿರುತ್ತದೆ. ಆ ನಾಲ್ಕು ಗಂಟೆಗಳನ್ನು ಎತ್ತರದ, ಬಯಲಿನಲ್ಲಿರುವ, ಉಕ್ಕಿನ ಕಂಬಗಳ ಮೇಲಿನ ಆಟಗಳಿಗೆ ಮುಡಿಪಾಗಿಟ್ಟು, ಊಟ, ಚಾವಣಿಯ ಕೆಳಗಿನ ಆಟ, ಅಂಗಡಿಯ ತಿರುಗಾಟಗಳನ್ನು ನಂತರಕ್ಕೆ ತಳ್ಳುವುದು ವಿವೇಕ. ಆದರೆ ಹೆಚ್ಚಿನ ಗುಂಪುಗಳು ಮಾಡುವುದು ಇದರ ತದ್ವಿರುದ್ಧ: ಬಂದೊಡನೆ ನೀರಿನ ಆಟಗಳ ಕಡೆ ಓಡಿ, ಅಲ್ಲಿಯೇ ಮೈಮರೆತು, ಮೇಲೆ ಬಂದು ಬಟ್ಟೆ ಬದಲಿಸಿ ರೋಲರ್ ಕೋಸ್ಟರ್‌ನ ಸಾಲಿಗೆ ನಿಲ್ಲುವ ಹೊತ್ತಿಗೆ ಮೊದಲ ಹನಿ ಬೀಳುತ್ತದೆ.

ರೋಲರ್ ಕೋಸ್ಟರ್ ಎಂಬ, ಹಳಿಯ ಮೇಲೆ ಏರಿ ಇಳಿದು ತಲೆಕೆಳಗಾಗುವ ಗಾಡಿಯ ವಿಷಯದಲ್ಲಿ ಮಳೆ ಮಾಡುವ ಬದಲಾವಣೆ ಸೂಕ್ಷ್ಮವಾಗಿ ನೋಡತಕ್ಕದ್ದು. ನೆಲದ ಮೇಲೆ ನಿಂತವರ ಮುಖಕ್ಕೆ ತುಂತುರು ಹನಿಯೆಂದರೆ ಹಿತ. ಅರ್ಧ ಮಿಲಿಮೀಟರ್ ಗಾತ್ರದ ಹನಿ ಸೆಕೆಂಡಿಗೆ ಎರಡು ಮೀಟರಿನಷ್ಟು ಮೆಲ್ಲಗೆ ಇಳಿಯುತ್ತದೆ, ಐದು ಮಿಲಿಮೀಟರಿನ ದಪ್ಪ ಹನಿಯೂ ಒಂಬತ್ತು ಮೀಟರನ್ನು ಮೀರುವುದು ಕಷ್ಟ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುವ ಗಾಡಿಯಾದರೋ ಸೆಕೆಂಡಿಗೆ 22 ಮೀಟರ್ ದೂರ ಕ್ರಮಿಸುತ್ತದೆ. ಅಂದರೆ ಅಲ್ಲಿ ಹನಿ ಬಂದು ಮುಖಕ್ಕೆ ಬೀಳುವುದಿಲ್ಲ, ಮುಖವೇ ಹೋಗಿ ಹನಿಗೆ ಬಡಿಯುತ್ತದೆ. ಕೆಳಗಿದ್ದಾಗ ಕೆನ್ನೆಗೆ ಮುತ್ತಿಟ್ಟಂತಿದ್ದ ಅದೇ ತುಂತುರು ಮೇಲೆ ಹೋದ ಕೂಡಲೇ ಸೂಜಿಯ ಮೊನೆಯಾಗಿ ಚುಚ್ಚುತ್ತದೆ, ಕಣ್ಣು ತೆರೆಯಲಾಗುವುದಿಲ್ಲ, ಕಿವಿಯಲ್ಲಿ ಗಾಳಿಯ ಜೊತೆ ಮರಳು ಎರಚಿದ ಸದ್ದು ಕೇಳಿಸುತ್ತದೆ. ಇದನ್ನು ಒಮ್ಮೆ ಅನುಭವಿಸಿದವರು ನೋವೆಂದು ದೂರುವುದು ಕಡಿಮೆ. ಒಣ ದಿನದ ಸವಾರಿಗಿಂತ ಇದೇ ಹೆಚ್ಚು ದಿನ ನೆನಪಿನಲ್ಲಿ ಉಳಿಯುತ್ತದೆ. ಆದರೂ ಚಿಕ್ಕ ಮಕ್ಕಳನ್ನು ಆ ಹೊತ್ತಿನಲ್ಲಿ ಮುಂದಿನ ಸೀಟಿನಲ್ಲಿ ಕೂರಿಸುವುದು ಸರಿಯಲ್ಲ, ಹಿಂದಿನ ಸೀಟುಗಳಲ್ಲಿ ಏಟು ಸ್ವಲ್ಪ ಕಡಿಮೆ.

ಸಿಡಿಲಿನ ವಿಷಯದಲ್ಲಿ ಮಾತ್ರ ಯಾವ ಧೈರ್ಯವೂ ಕೂಡದು. ಬೆಳಕು ಕಣ್ಣಿಗೆ ತಕ್ಷಣ ಕಾಣುತ್ತದೆ, ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಹಿಂದಿನಿಂದ ಬರುತ್ತದೆ. ಆದ್ದರಿಂದ ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿದ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬುದು ಗೊತ್ತಾಗುತ್ತದೆ. ಎಣಿಕೆ ಮೂವತ್ತಕ್ಕಿಂತ ಕಡಿಮೆಯಿದ್ದರೆ, ಅಂದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಬಂದಿದ್ದರೆ, ಬಯಲನ್ನೂ ನೀರನ್ನೂ ಬಿಟ್ಟು ಕಟ್ಟಡದೊಳಗೆ ಸೇರಬೇಕು, ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷ ಕಳೆಯುವವರೆಗೆ ಹೊರಗೆ ಬರಬಾರದು ಎಂಬುದು ವ್ಯಾಪಕವಾಗಿ ಬಳಕೆಯಲ್ಲಿರುವ ಸೂತ್ರ. ಪಾರ್ಕಿನ ಸಿಬ್ಬಂದಿ ಸೀಟಿ ಊದಿ ಅಲೆಗಳ ಕೊಳದಿಂದ ಎಲ್ಲರನ್ನೂ ಮೇಲೆ ಕರೆಯುವುದು ಇದೇ ಕಾರಣಕ್ಕೆ; ಅವರೊಡನೆ ವಾದಕ್ಕಿಳಿಯುವ ಅಪ್ಪಂದಿರು ತಮ್ಮ ಮಕ್ಕಳ ಎದುರು ತಪ್ಪು ಪಾಠ ಹೇಳಿಕೊಡುತ್ತಿರುತ್ತಾರೆ. ಈ ಎಣಿಕೆಯನ್ನು ಮಕ್ಕಳಿಗೇ ಒಪ್ಪಿಸಿದರೆ ಭಯ ಅರ್ಧ ಕರಗುತ್ತದೆ. ಮಿಂಚಿದೊಡನೆ ಒಂದು, ಎರಡು, ಮೂರು ಎಂದು ಜೋರಾಗಿ ಎಣಿಸತೊಡಗಿದ ಹುಡುಗಿಗೆ ಗುಡುಗು ಹೆದರಿಕೆಯ ಸದ್ದಾಗಿ ಉಳಿಯದೆ ಲೆಕ್ಕದ ಉತ್ತರವಾಗಿಬಿಡುತ್ತದೆ.

ಮೊದಲ ಹನಿ ಬಿದ್ದೊಡನೆ ಜನಸಾಗರ ಹರಿಯುವುದು ಚಾವಣಿಯಿರುವ ಆಟಗಳ ಕಡೆಗೆ. ಕತ್ತಲೆಯ ಕೋಣೆಗಳ ನಡುವೆ ಗಾಡಿಯಲ್ಲಿ ಕೂತು ದೃಶ್ಯಗಳನ್ನು ನೋಡುತ್ತ ಸಾಗುವ ಡಾರ್ಕ್ ರೈಡ್ ಎಂಬ ಬಗೆಯ ಆಟಗಳ ಮುಂದೆಯೂ, ಕುರ್ಚಿ ಅಲುಗಾಡುವ ಸಿನಿಮಾ ಮಂದಿರಗಳ ಮುಂದೆಯೂ ಹತ್ತು ನಿಮಿಷಗಳಲ್ಲಿ ಸಾಲು ದುಪ್ಪಟ್ಟಾಗುತ್ತದೆ. ಗುಡುಗಿಲ್ಲದ ಮಳೆಯಾದರೆ ಆ ಹೊತ್ತಿಗೆ ನೀರಿನ ಆಟಗಳ ಕಡೆ ನಡೆಯುವುದೇ ಲೇಸು. ಹೇಗೂ ನೆನೆಯಲೆಂದೇ ಕಟ್ಟಿದ ಜಾಗದಲ್ಲಿ ಮೇಲಿನಿಂದ ಇನ್ನಷ್ಟು ನೀರು ಬಿದ್ದರೆ ನಷ್ಟವೇನು ಎಂಬ ಸರಳ ತರ್ಕ ಎಷ್ಟೋ ಜನರಿಗೆ ಹೊಳೆಯುವುದಿಲ್ಲ. ಇಲ್ಲಿ ತೊಡಕಾಗುವುದು ಚಳಿಯೊಂದೇ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನ ಮಳೆಗಾಲದ ಸಂಜೆಗೆ ಒದ್ದೆ ಮೈಯ ಮೇಲೆ ಗಾಳಿ ಹಾದರೆ ಹಲ್ಲು ಕಟಕಟಿಸುತ್ತದೆ. ಆದ್ದರಿಂದ ನೀರಿನಲ್ಲಿ ಇರುವಷ್ಟು ಹೊತ್ತೂ ಇದ್ದು, ಮೇಲೆ ಬಂದ ಮೇಲೆ ತಡಮಾಡದೆ ಒಣ ಬಟ್ಟೆಗೆ ಹೋಗಬೇಕು. ಲಾಕರಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಕಟ್ಟಿಟ್ಟ ಒಂದು ಜೊತೆ ಬಟ್ಟೆ ಮತ್ತು ಒಂದು ದಪ್ಪ ಟವೆಲ್ಲು ಆ ಗಳಿಗೆಯಲ್ಲಿ ಆಸ್ತಿ. ನೀರಿನ ಆಟಗಳಿಗೆ ಹತ್ತಿಯ ಬಟ್ಟೆ ತೊಟ್ಟು ಬರಬಾರದು, ನೈಲಾನ್ ಬಗೆಯದೇ ಆಗಬೇಕು ಎಂಬ ನಿಯಮವನ್ನು ವ್ಯಾಪಾರದ ಹಠವೆಂದು ತಿಳಿಯುವವರಿದ್ದಾರೆ. ನೂಲಿನ ಎಳೆ ಬಿಟ್ಟುಕೊಂಡು ನೀರು ಸೋಸುವ ಯಂತ್ರಗಳಿಗೆ ಸಿಕ್ಕಿಕೊಳ್ಳುತ್ತದೆ ಎಂಬುದು ಅದರ ಹಿಂದಿನ ಕಾರಣ, ಮತ್ತು ಮಳೆಯ ದಿನ ಹತ್ತಿಗಿಂತ ಬೇಗ ಆರುವುದು ನೈಲಾನೇ ಎಂಬುದು ಅದರಿಂದ ತಾನಾಗಿ ದೊರೆಯುವ ಲಾಭ.

ವಂಡರ್‌ಲಾದ ನೀರಿನ ವಿಭಾಗದಲ್ಲಿ ರೈನ್ ಡಿಸ್ಕೋ ಎಂಬ ಹೆಸರಿನ ಒಂದು ಮಂಟಪವಿದೆ. ಬಣ್ಣದ ದೀಪ, ಜೋರು ಸಂಗೀತ, ಚಾವಣಿಯ ಕೊಳವೆಗಳಿಂದ ಸುರಿಯುವ ಬೆಚ್ಚನೆಯ ನೀರು. ಅದರ ಕೆಳಗೆ ಜನ ಕುಣಿಯುತ್ತಾರೆ. ಕೃತಕ ಮಳೆಯ ಈ ಮಂಟಪಕ್ಕೆ ನಿಜವಾದ ಮಳೆ ಬೀಳುವ ದಿನ ಹೋಗಿ ನೋಡುವುದು ಒಂದು ವಿಶೇಷ ಅನುಭವ. ಬಾಗಿಲಲ್ಲಿ ನಿಂತರೆ ಬೆನ್ನ ಮೇಲೆ ತಣ್ಣನೆಯ ಹನಿ, ಎದೆಯ ಮೇಲೆ ಬೆಚ್ಚನೆಯ ಹನಿ. ಹಿಂದಿನದಕ್ಕೆ ಮಣ್ಣಿನ ಮತ್ತು ಎಲೆಯ ವಾಸನೆ, ಮುಂದಿನದಕ್ಕೆ ಕ್ಲೋರಿನ್ನಿನ ವಾಸನೆ. ಮನುಷ್ಯ ಮಳೆಯನ್ನು ಎಷ್ಟು ಪ್ರೀತಿಸುತ್ತಾನೆಂದರೆ ಅದು ಬಾರದ ದಿನಕ್ಕೆಂದು ಒಂದು ಮಳೆಯನ್ನು ಕಟ್ಟಿಟ್ಟುಕೊಂಡಿದ್ದಾನೆ. ಆ ಪ್ರೀತಿ ಇರುವಾಗ ನಿಜವಾದ ಮಳೆ ಬಂದ ದಿನ ಮುಖ ಸಿಂಡರಿಸುವುದಕ್ಕೆ ಕಾರಣವೇ ಉಳಿಯುವುದಿಲ್ಲ.

ಮಳೆಯ ದಿನದ ನಿಜವಾದ ಸಂಪತ್ತು ಇರುವುದು ಇದಾವುದರಲ್ಲೂ ಅಲ್ಲ, ಸೂರಿನ ಕೆಳಗೆ. ಥೀಮ್ ಪಾರ್ಕಿನ ಒಣ ದಿನವನ್ನು ಆಳುವುದು ಸರತಿಯ ಸಾಲು. ಕಬ್ಬಿಣದ ಕಂಬಿಗಳ ನಡುವೆ ಹಾವಿನಂತೆ ಸುತ್ತಿ ಸುತ್ತಿ ಬರುವ ಆ ಸಾಲಿನಲ್ಲಿ ಮುಂದಿನವರ ಬೆನ್ನು ಕಾಣುತ್ತದೆಯೇ ಹೊರತು ಮುಖ ಕಾಣುವುದಿಲ್ಲ, ಹೆಚ್ಚು ಹಣ ಕೊಟ್ಟವರಿಗೆ ಬೇರೆಯದೇ ಆದ, ಬೇಗ ಸಾಗುವ ಸಾಲೂ ಇರುತ್ತದೆ. ಮಳೆ ಜೋರಾದ ಕ್ಷಣ ಆ ಸಾಲುಗಳೆಲ್ಲ ಒಡೆದು, ಹತ್ತಿರದ ತಿಂಡಿ ಅಂಗಡಿಯ ಶೀಟಿನ ಕೆಳಗೆ ಒಂದು ಗುಂಪಾಗುತ್ತದೆ. ಎರಡು ಬಗೆಯ ಟಿಕೆಟ್ಟಿನವರೂ ಅಲ್ಲಿ ಒಂದೇ ಇರಚಲಿಗೆ ಮೈಯೊಡ್ಡಿ ನಿಂತಿರುತ್ತಾರೆ; ಇರಚಲೆಂದರೆ ಗಾಳಿಗೆ ಓರೆಯಾಗಿ ಸೂರಿನೊಳಕ್ಕೂ ನುಗ್ಗುವ ಹನಿ, ಅದನ್ನು ತಪ್ಪಿಸಲು ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದಾಗ ಅಪರಿಚಿತರ ಭುಜಕ್ಕೆ ಭುಜ ತಾಕುತ್ತದೆ.

ಅಲ್ಲಿ ಕಾಣುವುದನ್ನು ಹತ್ತಿರದಿಂದ ನೋಡಬೇಕು. ತಾಯಿಯೊಬ್ಬಳು ಮಗುವಿನ ಒದ್ದೆ ಫ್ರಾಕಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡುತ್ತಾಳೆ. ಹಿಂಡಿದ ನೀರು ಸಿಮೆಂಟಿನ ನೆಲದ ಮೇಲೆ ಬಿದ್ದು, ಒಂದು ಚಿಕ್ಕ ಹೊಂಡದಲ್ಲಿ ಕೂಡಿ, ಅಲ್ಲಿಂದ ಮಗುವಿನ ಹವಾಯಿ ಚಪ್ಪಲಿಯ ಕೆಳಗೆ ಹರಿದುಹೋಗುತ್ತದೆ, ಮಗು ಆ ಹರಿವಿಗೆ ಕಾಲಿಟ್ಟು ಅಡ್ಡಕಟ್ಟಿ ಬಿಡುತ್ತದೆ, ಮತ್ತೆ ಕಟ್ಟುತ್ತದೆ. ಪಕ್ಕದಲ್ಲಿ ಬೇರೆ ಯಾವುದೋ ಊರಿನಿಂದ ಬಂದ ಅಜ್ಜಿ ತನ್ನ ಸೆರಗಿನ ಒಣ ತುದಿಯಿಂದ ತನ್ನದಲ್ಲದ ಆ ಮಗುವಿನ ತಲೆ ಒರೆಸುತ್ತಾಳೆ, ನೆತ್ತಿಗೆ ನೀರಿಳಿದರೆ ನೆಗಡಿಯಾಗುತ್ತದೆ ಮಗಾ ಎನ್ನುತ್ತಾಳೆ, ತಾಯಿ ಬೇಡವೆನ್ನುವುದಿಲ್ಲ. ಅಂಗಡಿಯವನ ಕಡೆಯಿಂದ ಬೇಯಿಸಿದ ಮುಸುಕಿನ ಜೋಳದ ಆವಿ ಬರುತ್ತದೆ. ಉಪ್ಪು ಖಾರ ಹಚ್ಚಿ ನಿಂಬೆಹಣ್ಣು ಉಜ್ಜಿದ ಒಂದು ತೆನೆ ಮೂರು ಜನರ ಕೈ ದಾಟುತ್ತದೆ. ಯಾರೋ ಒಬ್ಬರು ಮಂಡ್ಯದಲ್ಲಿ ಈ ಸಲ ಇನ್ನೂ ಸರಿಯಾಗಿ ಬಿದ್ದಿಲ್ಲ ಎನ್ನುತ್ತಾರೆ. ಇನ್ನೊಬ್ಬರು ನಿಮ್ಮ ಕಡೆ ನಾಲೆಯಾದರೂ ಇದೆ, ನಮ್ಮ ಕಡೆ ಬೋರ್‌ವೆಲ್ಲೇ ಗತಿ ಎನ್ನುತ್ತಾರೆ. ಅಲ್ಲಿಂದ ಮಾತು ರಾಗಿಗೆ, ರೇಷ್ಮೆಗೂಡಿನ ದರಕ್ಕೆ, ಮಗಳ ಪರೀಕ್ಷೆಗೆ ಹೋಗುತ್ತದೆ. ಕೃತಕವಾದ ಭಯ ಮತ್ತು ಕೃತಕವಾದ ಅಲೆಗಳನ್ನು ಮಾರುವ ತಾಣವೊಂದರಲ್ಲಿ, ಯಾರೂ ಯೋಜಿಸದ ಈ ಅರ್ಧ ಗಂಟೆ ಊರ ಅರಳಿಕಟ್ಟೆಯ ಗುಣವನ್ನು ಪಡೆಯುತ್ತದೆ. ಜಾತ್ರೆಯಲ್ಲಿ ಇದ್ದದ್ದು, ಥೀಮ್ ಪಾರ್ಕಿಗೆ ಬರುವಾಗ ದಾರಿಯಲ್ಲೆಲ್ಲೋ ಬಿದ್ದುಹೋದದ್ದು, ಪರಸ್ಥಳದವರು ಪರಸ್ಪರ ಮಾತನಾಡಿಸುವ ಈ ರೂಢಿಯೇ. ಮಳೆ ಅದನ್ನು ಎತ್ತಿ ತಂದು ಕೊಡುತ್ತದೆ. ಆದ್ದರಿಂದ ಮಳೆ ಹಿಡಿದಾಗ ಮೊಬೈಲನ್ನು ಕವರಿನಲ್ಲಿ ಸುತ್ತಿ ಜೇಬಿಗೆ ಹಾಕುವುದು ಎರಡು ರೀತಿಯಲ್ಲಿ ಒಳ್ಳೆಯದು.

ಮಳೆ ಬಂದರೆ ಪಾರ್ಕು ಏನು ಮಾಡಬೇಕು ಎಂಬ ಪ್ರಶ್ನೆಗೆ ಕರ್ನಾಟಕದ ಹೊರಗೆ ಕಂಡುಕೊಂಡ ಉತ್ತರಗಳೂ ಗಮನಾರ್ಹ. 1971ರ ಅಕ್ಟೋಬರ್ 1ರಂದು ಫ್ಲಾರಿಡಾದಲ್ಲಿ ತೆರೆದ ವಾಲ್ಟ್ ಡಿಸ್ನಿ ವರ್ಲ್ಡ್, ಕ್ಯಾಲಿಫೋರ್ನಿಯಾದ ಒಣ ಬೇಸಿಗೆಯಿಂದ ಹೊರಬಂದು ಎರಡೂ ಕಡೆ ಕಡಲಿರುವ ಒಂದು ಪರ್ಯಾಯದ್ವೀಪದ ನಡುವೆ ನಿಂತಿತು. ಬೇಸಿಗೆಯಲ್ಲಿ ಪೂರ್ವದ ಕಡಲಗಾಳಿಯೂ ಪಶ್ಚಿಮದ ಕಡಲಗಾಳಿಯೂ ಮಧ್ಯಾಹ್ನ ಭೂಭಾಗದ ನಡುವೆ ಬಂದು ಸಂಧಿಸಿ ಮೇಲೇರುವುದರಿಂದ ಅಲ್ಲಿ ಗುಡುಗುಮಳೆ ಬಹುತೇಕ ದಿನಚರಿಯೇ ಆಗಿದೆ. ಆ ಪಾರ್ಕು ಮೆರವಣಿಗೆ ರದ್ದಾಗುವ ದಿನಗಳಿಗೆಂದೇ ಮಳೆಯ ದಿನದ ಚಿಕ್ಕ ಮೆರವಣಿಗೆಯೊಂದನ್ನು ಇಟ್ಟುಕೊಂಡಿದೆ. 1983ರ ಏಪ್ರಿಲ್ 15ರಂದು ತೆರೆದ ಟೋಕಿಯೊ ಡಿಸ್ನಿಲ್ಯಾಂಡ್ ಇನ್ನೂ ಮುಂದೆ ಹೋಗಿ, ಅಮೆರಿಕದಲ್ಲಿ ಆಕಾಶಕ್ಕೆ ತೆರೆದಿದ್ದ ಪ್ರವೇಶದ ಬೀದಿಗೆ ಪಾರದರ್ಶಕವಾದ ಎತ್ತರದ ಚಾವಣಿ ಹೊದಿಸಿ ವರ್ಲ್ಡ್ ಬಜಾರ್ ಎಂದು ಕರೆಯಿತು. ರಾತ್ರಿಯ ದೀಪದ ಮೆರವಣಿಗೆ ಮಳೆಗೆ ನಿಂತರೆ ಅದರ ಬದಲಿಗೆ ಹೊರಡುವ ಬೇರೆ ಮೆರವಣಿಗೆಯೂ ಅಲ್ಲಿದೆ. ಜಪಾನಿನಲ್ಲಿ ಜೂನ್, ಜುಲೈ ತಿಂಗಳುಗಳ ಮಳೆಗಾಲವನ್ನು ಬರೆಯುವ ಅಕ್ಷರಗಳಿಗೆ ಪ್ಲಮ್ ಹಣ್ಣಿನ ಮಳೆ ಎಂಬ ಅರ್ಥವಿದೆ. ಆ ಹಣ್ಣು ಮಾಗುವ ಕಾಲಕ್ಕೆ ಬರುವುದರಿಂದ ಆ ಹೆಸರು. ಕನ್ನಡದ ಮಾವಿನ ಮಳೆಗೂ ಅದಕ್ಕೂ ಇರುವ ಹೋಲಿಕೆ, ಮಳೆಯನ್ನು ಶತ್ರುವೆಂದು ಎಣಿಸದ ಎರಡು ನಾಡುಗಳ ಮನೋಧರ್ಮದ ಹೋಲಿಕೆ.

ಆದರೆ ಮಳೆಯಲ್ಲಿ ಆಡುವುದನ್ನು ಕಲಿಯಲು ಕನ್ನಡಿಗರು ಅಷ್ಟು ದೂರ ಹೋಗಬೇಕಾಗಿಲ್ಲ. ಕರಾವಳಿಯಲ್ಲಿ ಆಟಿ ಎಂದು ಕರೆಯುವ ತುಳು ತಿಂಗಳಿನಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಡುಮಳೆಯಲ್ಲಿ, ಊರೂರಿನ ಗದ್ದೆಗಳಲ್ಲಿ ಕೆಸರುಗದ್ದೆ ಆಟಗಳು ನಡೆಯುತ್ತವೆ. ಮೊಣಕಾಲು ಹೂಳುವ ಕೆಸರಿನಲ್ಲಿ ಓಟ, ಹಗ್ಗಜಗ್ಗಾಟ, ಮಕ್ಕಳ ನಿಧಿ ಹುಡುಕಾಟ ಇವುಗಳಿಗೆ ಮಳೆ ಅಡ್ಡಿಯಾಗುವುದಂತಿರಲಿ, ಮಳೆಯಿಲ್ಲದಿದ್ದರೆ ಆಟವೇ ಇಲ್ಲ. ಅಲ್ಲಿ ಬಿದ್ದವರೇ ಹೆಚ್ಚು, ಬಿದ್ದದ್ದಕ್ಕೆ ನಾಚುವವರು ಯಾರೂ ಇಲ್ಲ, ಗೆದ್ದವರಿಗೂ ಸೋತವರಿಗೂ ಆಮೇಲೆ ಒಂದೇ ಪಂಕ್ತಿಯಲ್ಲಿ ಪತ್ರೊಡೆ, ಗಂಜಿ. ಜೋಗದಲ್ಲಿಯೂ ಹಾಗೆಯೇ. 253 ಮೀಟರ್ ಆಳಕ್ಕೆ ಧುಮುಕುವ ಶರಾವತಿಯನ್ನು ನೋಡಲು ಜನ ಮಳೆಗಾಲವನ್ನೇ ಆರಿಸಿಕೊಂಡು ಹೋಗುತ್ತಾರೆ, ಮಂಜು ಮುಚ್ಚಿ ಏನೂ ಕಾಣದಿದ್ದರೆ ಕಟಕಟೆಯ ಬಳಿ ಕೊಡೆ ಹಿಡಿದು ಕಾಯುತ್ತಾರೆ, ಗಾಳಿ ಒಮ್ಮೆ ಪರದೆ ಸರಿಸಿದಾಗ ಗುಂಪಿಗೆ ಗುಂಪೇ ಹೋ ಎನ್ನುತ್ತದೆ. ಅಲ್ಲಿ ಕಾಯುವ ತಾಳ್ಮೆಯಿರುವ ಜನರೇ ಬಿಡದಿಯಲ್ಲಿ ಅರ್ಧ ಗಂಟೆಯ ಮಳೆಗೆ ಗಡಿಯಾರ ನೋಡುತ್ತಾರೆ. ಟಿಕೆಟ್ಟಿನ ಹಣವನ್ನು ಗಂಟೆಗಳಿಂದ ಭಾಗಿಸಿ ನೋಡುವ ಅಭ್ಯಾಸವೇ ಇದಕ್ಕೆ ಕಾರಣವಿರಬೇಕು.

ಮಳೆ ನಿಂತ ಮೇಲೆ ಆಟಗಳು ಕೂಡಲೇ ಆರಂಭವಾಗುವುದಿಲ್ಲ. ಈ ನಡುವಿನ ಹೊತ್ತು ಬಹಳ ಜನರ ಕಣ್ಣಿಗೆ ಬೀಳದೆ ಹೋಗುತ್ತದೆ. ರೋಲರ್ ಕೋಸ್ಟರ್‌ನ ಕಟ್ಟೆಯ ಮೇಲೆ ಸಿಬ್ಬಂದಿಯ ಇಬ್ಬರು ಹುಡುಗರು ಒಂದೊಂದೇ ಸೀಟಿನ ನೀರನ್ನು ಬಟ್ಟೆಯಿಂದ ತೆಗೆದು ಬಕೆಟ್ಟಿಗೆ ಹಿಂಡುತ್ತಾರೆ. ಎದೆಗೆ ಅಡ್ಡ ಬರುವ ಲಾಕುಗಳನ್ನು ಒತ್ತಿ ಎಳೆದು ನೋಡುತ್ತಾರೆ. ಆಮೇಲೆ ಗಾಡಿಯನ್ನು ಯಾರನ್ನೂ ಕೂರಿಸದೆ ಖಾಲಿಯಾಗಿಯೇ ಬಿಡುತ್ತಾರೆ. ಒದ್ದೆ ಹಳಿಯ ಮೇಲೆ ಚಕ್ರಗಳು ಹಿಡಿತ ಕಾಯ್ದುಕೊಂಡಿವೆಯೇ, ಬ್ರೇಕು ಗೊತ್ತಾದ ಜಾಗದಲ್ಲೇ ನಿಲ್ಲಿಸುತ್ತದೆಯೇ ಎಂಬುದನ್ನು ಹೀಗೆ ಒಂದೆರಡು ಸುತ್ತು ಪರೀಕ್ಷಿಸಿದ ಮೇಲೆಯೇ ಜನರಿಗೆ ಬಾಗಿಲು. ಕಿರುಚಾಟವಿಲ್ಲದ ಆ ಖಾಲಿ ಗಾಡಿ ಮೇಲೇರುವಾಗ ಸರಪಳಿಯ ಕಟಕಟ ಸದ್ದು ಪಾರ್ಕಿನ ಈ ತುದಿಯಿಂದ ಆ ತುದಿಗೆ ಕೇಳುತ್ತದೆ. ಇಳಿಜಾರಿನಲ್ಲಿ ಅದು ಜಾರಿದಾಗ ಹಳಿಯ ಮೇಲೆ ನಿಂತಿದ್ದ ನೀರು ಎರಡೂ ಬದಿಗೆ ಹಾರಿ, ಮೋಡದ ಸಂದಿನಿಂದ ಬಿದ್ದ ಬಿಸಿಲಿಗೆ ಒಂದು ಗಳಿಗೆ ಹೊಳೆದು ಇಲ್ಲವಾಗುತ್ತದೆ. ಇಷ್ಟು ಎಚ್ಚರದಿಂದ ಇತರರ ಸಂತೋಷವನ್ನು ಕಾಯುವವರನ್ನು ಒಣ ದಿನ ಯಾರೂ ಗಮನಿಸುವುದಿಲ್ಲ. ಸೂರಿನ ಕೆಳಗೆ ಕಾಯುವ ಮಕ್ಕಳಿಗೆ ಇದನ್ನು ತೋರಿಸಿ, ಆ ಅಣ್ಣಂದಿರು ಏನು ಮಾಡುತ್ತಿದ್ದಾರೆ ನೋಡು ಎಂದು ವಿವರಿಸುವ ತಂದೆತಾಯಿಗಳು ಟಿಕೆಟ್ಟಿನಲ್ಲಿ ಬರೆದಿರದ ಒಂದು ಆಟವನ್ನು ಮಕ್ಕಳಿಗೆ ಕೊಟ್ಟಂತೆ.

ಬಾಗಿಲು ತೆರೆದ ಮೇಲೆ ಸಾಲೆಂಬುದು ಇರುವುದಿಲ್ಲ. ಮಳೆಗೆ ಸೋತು ಬಸ್ಸು ಹತ್ತಿದವರು ಹೋಗಿಯಾಗಿರುತ್ತದೆ, ಉಳಿದವರಿಗೆ ಬೇಕಾದ ಸೀಟು ಬೇಕಾದಷ್ಟು ಸಲ ಸಿಗುತ್ತದೆ. ಆದರೂ ಆ ಹೊತ್ತಿನಲ್ಲಿ ಮೊದಲು ಹೋಗಬೇಕಾದದ್ದು ವಂಡರ್‌ಲಾದಲ್ಲಿ ಗೋಪುರದ ನೆತ್ತಿಯ ಮೇಲೆ ನಿಲ್ಲಿಸಿದ ಸ್ಕೈ ವೀಲ್ ಎಂಬ ದೊಡ್ಡ ರಾಟೆಗೆ. ಆಟವಾಡಲಾರದ ವಯಸ್ಸಾದವರೂ ಹತ್ತಬಹುದಾದ ಮೆಲ್ಲನೆಯ ರಾಟೆ ಅದು. ನೈಋತ್ಯಕ್ಕೆ ರಾಮನಗರದ ಕಡೆಯ ಬಂಡೆಬೆಟ್ಟಗಳ ದಿಕ್ಕು. ಮುಂಗಾರಿನ ಗಾಳಿ ಬರುವುದೂ ಬಹುಮಟ್ಟಿಗೆ ಆ ಕಡೆಯಿಂದಲೇ. ತೊಳೆದ ಗಾಳಿಯಲ್ಲಿ ತೋಟಗಳ ತೆಂಗಿನ ಗರಿಗಳು ಒಂದೊಂದಾಗಿ ಬಿಡಿಬಿಡಿಯಾಗಿ ಕಾಣುತ್ತವೆ, ಹಿಪ್ಪುನೇರಳೆಯ ಹೊಲಗಳ ಹಸಿರು ಕಪ್ಪಿಗೆ ತಿರುಗಿರುತ್ತದೆ, ಹೆದ್ದಾರಿ ಕನ್ನಡಿಯಾಗಿರುತ್ತದೆ. ಇನ್ನೊಂದು ಮಳೆ ಬರುವುದಿದ್ದರೆ ಅದು ಬೂದುಬಣ್ಣದ ಪರದೆಯಂತೆ ಹೊಲ ಹೊಲವನ್ನೇ ಮುಚ್ಚುತ್ತ ಹತ್ತಿರವಾಗುವುದನ್ನು ಮೇಲಿನಿಂದ ನೋಡಬಹುದು, ಕೆಳಗಿಳಿದು ಸೂರು ಸೇರಲು ಎಷ್ಟು ಸಮಯವಿದೆ ಎಂದು ಅಂದಾಜು ಮಾಡಬಹುದು. ಹಳೆಯ ರಂಕಲರಾಟೆಯ ಮೇಲೆ ಕೂತವರು ಜಾತ್ರೆಯ ಜನವನ್ನು ನೋಡಿದರು, ತೇರಿನ ಕಳಸವನ್ನು ನೋಡಿದರು. ಮಳೆ ನಡೆದು ಬರುವುದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ಸಂಜೆ ಬಾಗಿಲು ಮುಚ್ಚುವ ಹೊತ್ತಿಗೆ ಮಳೆ ಪೂರ್ತಿ ನಿಂತಿದ್ದರೂ ಮರದ ಹನಿ ನಿಂತಿರುವುದಿಲ್ಲ. ಹೊರಬಾಗಿಲಿನ ಮರಗಳ ಕೆಳಗೆ ನಡೆಯುವಾಗ ಗಾಳಿ ಬೀಸಿದರೆ ಚಿಕ್ಕದೊಂದು ಮಳೆ ಮತ್ತೆ ಸುರಿಯುತ್ತದೆ, ಮಕ್ಕಳು ಬೇಕೆಂದೇ ಕೊಂಬೆ ಅಲ್ಲಾಡಿಸುತ್ತಾರೆ. ಬಿಡದಿಗೆ ಬಂದು, ತಟ್ಟೆ ಇಡ್ಲಿಗೆ ಹೆಸರಾದ ಆ ಊರಿನ ಯಾವುದಾದರೊಂದು ಹೋಟೆಲಿನಲ್ಲಿ ಕೂತರೆ, ಬಟ್ಟೆ ಹಾಸಿದ ತಟ್ಟೆಗಳಲ್ಲಿ ಬೆಂದ ಅಂಗೈಯಗಲದ ಇಡ್ಲಿಯ ಮೇಲೆ ಬೆಣ್ಣೆಯ ಉಂಡೆ ಕರಗಿ ಹರಿಯುತ್ತಿರುತ್ತದೆ. ನೀರಿನಲ್ಲಿ ದಿನವಿಡೀ ನೆನೆದು ಸುಕ್ಕುಗಟ್ಟಿದ ಬೆರಳುಗಳಿಂದ ಅದನ್ನು ಮುರಿಯುವಾಗ ಬಿಸಿ ಚುರುಕ್ಕೆನ್ನುತ್ತದೆ. ಹೊರಗೆ ನಿಂತ ವ್ಯಾನಿನ ಕಿಟಕಿಯ ಕಂಬಿಗಳಿಗೆ ಯಾರೋ ಒದ್ದೆ ನೈಲಾನ್ ಬಟ್ಟೆಗಳನ್ನು ಸಾಲಾಗಿ ಕಟ್ಟಿರುತ್ತಾರೆ, ಬೆಂಗಳೂರು ತಲುಪುವಷ್ಟರಲ್ಲಿ ಗಾಳಿಗೆ ಆರುತ್ತವೆಂದು. ಕೆಂಗೇರಿ ದಾಟುವ ಮೊದಲೇ ಮತ್ತೆ ಹನಿ ಬೀಳತೊಡಗುತ್ತದೆ. ಬಟ್ಟೆಗಳನ್ನು ಒಳಗೆಳೆದುಕೊಳ್ಳಲು ಎಲ್ಲರೂ ಒಟ್ಟಿಗೆ ಏಳುತ್ತಾರೆ.